ಸೆಲ್ಫ್ ಎತ್ತದ ಹಳೆಯ ಟ್ರ್ಯಾಕ್ಟರಿಗೆ ಸ್ಕ್ರೂಡ್ರೈವರ್ ಮದ್ದೇ?

"ಕೀ ತಿರುಗಿಸಿದರೂ ಟ್ರ್ಯಾಕ್ಟರ್ ಸ್ಟಾರ್ಟ್ ಆಗುತ್ತಿಲ್ಲವೇ? ಮೆಕ್ಯಾನಿಕ್ ಬೇಡ, ಒಂದು ಸ್ಕ್ರೂಡ್ರೈವರ್ ಸಾಕು." ಹೀಗೆ ಶುರುವಾಗುವ ಪುಟ್ಟ ವಿಡಿಯೊಗಳು ರೈತರ ವಾಟ್ಸ್ಆ್ಯಪ್ ಗುಂಪುಗಳಲ್ಲಿ ಆಗಾಗ ಸುತ್ತುತ್ತವೆ. ಟ್ರ್ಯಾಕ್ಟರಿನ ಪಕ್ಕದಲ್ಲಿ ನಿಂತವರು ಸೆಲ್ಫ್ ಮೋಟರಿನ ಎರಡು ಬೋಲ್ಟುಗಳ ಮೇಲೆ ಸ್ಕ್ರೂಡ್ರೈವರ್ ಅಡ್ಡ ಇಡುತ್ತಾರೆ. ಚಟ್ ಎಂದು ಕಿಡಿ ಹಾರುತ್ತದೆ, ಎಂಜಿನ್ ಗುಡುಗುತ್ತದೆ. ಕೆಳಗೆ "ಎಲ್ಲ ರೈತರಿಗೂ ಶೇರ್ ಮಾಡಿ" ಎಂಬ ಸಾಲು.

ವಿಡಿಯೊದಲ್ಲಿ ಕಾಣುವುದು ಸುಳ್ಳಲ್ಲ. ಹಾಗೆ ಮಾಡಿದರೆ ಎಂಜಿನ್ ಸ್ಟಾರ್ಟ್ ಆಗಬಹುದು. ಆದರೆ ಅಲ್ಲಿ ಹೇಳದೆ ಬಿಟ್ಟ ಎರಡು ಸಂಗತಿಗಳಿವೆ. ಒಂದು, ಕೆಟ್ಟದ್ದು ಯಾವುದು ಎಂಬುದು ಇದರಿಂದ ತಿಳಿಯುವುದಿಲ್ಲ. ಎರಡು, ಟ್ರ್ಯಾಕ್ಟರ್ ಗೇರಿನಲ್ಲಿದ್ದರೆ ಆ ಮನುಷ್ಯ ನಿಂತಿರುವ ಜಾಗ ಹಿಂದಿನ ದೊಡ್ಡ ಗಾಲಿಯ ನೇರ ಮುಂದೆ. ಹೀಗೆ ಸ್ಟಾರ್ಟ್ ಮಾಡಲು ಹೋಗಿ ತಮ್ಮದೇ ಟ್ರ್ಯಾಕ್ಟರಿನ ಅಡಿ ಸಿಕ್ಕು ಸತ್ತವರು ಹಲವು ದೇಶಗಳಲ್ಲಿ ಇದ್ದಾರೆ. ಕೃಷಿ ಸುರಕ್ಷತೆ ಕಲಿಸುವವರು ಇದಕ್ಕೆಂದೇ ಪ್ರತ್ಯೇಕ ಪಾಠ ಇಟ್ಟುಕೊಂಡಿರುತ್ತಾರೆ.

ಹಾಗಾದರೆ ಸೆಲ್ಫ್ ಎತ್ತದಿದ್ದಾಗ ಏನು ಮಾಡಬೇಕು? ಇದನ್ನು ತಿಳಿಯಲು ನಾವು ವಿಜಯನಗರ ಜಿಲ್ಲೆ ಕೊಟ್ಟೂರು ತಾಲ್ಲೂಕಿನ ಉಜ್ಜಿನಿಯಲ್ಲಿ ಒಂದು ಹಳೆಯ ಟ್ರ್ಯಾಕ್ಟರಿನ ಮುಂದೆ ಅರ್ಧ ದಿನ ಕುಳಿತೆವು. ಜೊತೆಗೆ ಒಂದು ಸಾದಾ ಮಲ್ಟಿಮೀಟರ್, ಎರಡು ವೈರ್ ಕಟ್ಟಿದ 12 ವೋಲ್ಟ್ ಬಲ್ಬು, ಮತ್ತು ನಮಗಿಂತ ಹೆಚ್ಚು ತಿಳಿದ ಒಬ್ಬ ಆಟೋ ಎಲೆಕ್ಟ್ರಿಷಿಯನ್ ಇದ್ದರು.

ಇಳಿಜಾರಿನಲ್ಲಿ ನಿಲ್ಲುವ ಟ್ರ್ಯಾಕ್ಟರ್

ಆ ಟ್ರ್ಯಾಕ್ಟರ್ ಮನೆಯ ಅಂಗಳದಲ್ಲಿ ಇರಲಿಲ್ಲ. ದಿಬ್ಬದ ಮೇಲೆ, ಮುಂದಿನ ಗಾಲಿಗೆ ಕಲ್ಲು ಕೊಟ್ಟು ನಿಲ್ಲಿಸಿದ್ದರು. ಬೆಳಿಗ್ಗೆ ಕಲ್ಲು ತೆಗೆದರೆ ಇಳಿಜಾರಿನಲ್ಲಿ ಉರುಳುತ್ತದೆ, ಕ್ಲಚ್ ಬಿಟ್ಟರೆ ಸ್ಟಾರ್ಟ್ ಆಗುತ್ತದೆ. ಎರಡು ವರ್ಷದಿಂದ ಹೀಗೇ ನಡೆದಿತ್ತು.

"ಲೈಟ್ ಚೆನ್ನಾಗಿ ಉರೀತಾವ್ರಿ, ಹಾರನ್ ಹೊಡೀತೈತಿ. ಸೆಲ್ಫ್ ಮಾತ್ರ ಎತ್ತವಲ್ದು. ಬ್ಯಾಟ್ರಿ ಎರಡು ಸಲ ಬದಲಿ ಮಾಡೀನಿ" ಎಂದರು ಮಾಲೀಕರು.

ಹಳ್ಳಿಗಳಲ್ಲಿ ಹಳೆಯ ಟ್ರ್ಯಾಕ್ಟರಿನ ವೈರಿಂಗ್ ಇಷ್ಟು ಹದಗೆಡಲು ಒಂದು ಕಾರಣವಿದೆ. ಹಳೆಯ ಡೀಸೆಲ್ ಎಂಜಿನ್ ಒಮ್ಮೆ ಸ್ಟಾರ್ಟ್ ಆದರೆ ಅದಕ್ಕೆ ಕರೆಂಟ್ ಬೇಕಿಲ್ಲ. ಪೆಟ್ರೋಲ್ ಎಂಜಿನ್ನಿನ ಹಾಗೆ ಸ್ಪಾರ್ಕ್ ಪ್ಲಗ್ ಇಲ್ಲ. ಗಾಳಿಯನ್ನು ಒತ್ತಿದಾಗ ಹುಟ್ಟುವ ಬಿಸಿಗೇ ಡೀಸೆಲ್ ಹೊತ್ತಿಕೊಳ್ಳುತ್ತದೆ, ಡೀಸೆಲ್ ಪಂಪು ಎಂಜಿನ್ನಿನ ಗೇರಿನಿಂದಲೇ ತಿರುಗುತ್ತದೆ. ನಿಲ್ಲಿಸುವುದಕ್ಕೂ ಕೀ ಬೇಡ, ಸ್ಟಾಪ್ ನಾಬ್ ಎಳೆದರೆ ಸಾಕು. ಬ್ಯಾಟರಿ ಸತ್ತರೂ, ಫ್ಯೂಸ್ ಹೋದರೂ, ಅರ್ಧ ವೈರ್ ಇಲಿ ತಿಂದರೂ ಉಳುಮೆ ನಿಲ್ಲದು. ಕೆಲಸ ನಿಲ್ಲದಿದ್ದರೆ ರಿಪೇರಿಯ ನೆನಪು ಯಾರಿಗೂ ಆಗುವುದಿಲ್ಲ. ಇವರಿಗೂ ಆಗಿರಲಿಲ್ಲ. ಒಂದು ಸಂಜೆ ಕಲ್ಲು ಸರಿದು ಟ್ರ್ಯಾಕ್ಟರ್ ತಾನೇ ಕೆಳಗೆ ಉರುಳಿ ಬೇಲಿಗೆ ಗುದ್ದಿದ ಮೇಲೆ, ಆಗ ಅಲ್ಲಿ ಮಕ್ಕಳು ಆಡುತ್ತಿರಲಿಲ್ಲ ಎಂಬುದಷ್ಟೇ ಸಮಾಧಾನವಾಗಿ ಉಳಿದ ಮೇಲೆ, ಮನೆಯವರು ಹಟ ಹಿಡಿದರು.

ಲೈಟ್ ಉರಿಯುತ್ತದೆ, ಸೆಲ್ಫ್ ಏಕೆ ಎತ್ತುವುದಿಲ್ಲ?

ಬಹಳ ಜನರ ಲೆಕ್ಕ ಹೀಗಿರುತ್ತದೆ: ಲೈಟ್ ಉರಿದರೆ ಕರೆಂಟ್ ಬರುತ್ತಿದೆ, ಹಾಗಾಗಿ ವೈರ್ ಸರಿ ಇದೆ, ಕೆಟ್ಟದ್ದು ಸೆಲ್ಫ್ ಮೋಟರ್ ಅಥವಾ ಬ್ಯಾಟರಿ. ಈ ಲೆಕ್ಕ ತಪ್ಪು. ಸಾವಿರಾರು ರೂಪಾಯಿ ಅನವಶ್ಯಕವಾಗಿ ಖರ್ಚಾಗುವುದು ಇಲ್ಲೇ.

ಅರ್ಧ ಮುಚ್ಚಿಹೋದ ಪೈಪಿನಿಂದಲೂ ಒಂದು ಬಿಂದಿಗೆ ನೀರು ತುಂಬಿಸಬಹುದು. ಅದೇ ಪೈಪಿನಿಂದ ಒಂದು ಎಕರೆಗೆ ನೀರು ಹಾಯಿಸಲು ಆಗದು. ಟ್ರ್ಯಾಕ್ಟರಿನ ಸಣ್ಣ ಬಲ್ಬು ಬಿಂದಿಗೆ, ಸೆಲ್ಫ್ ಮೋಟರ್ ಒಂದು ಎಕರೆ ಹೊಲ.

ಅಂಕಿಗಳಲ್ಲಿ ನೋಡೋಣ. 6 ವ್ಯಾಟಿನ ಒಂದು ಬಲ್ಬು 12 ವೋಲ್ಟಿನಲ್ಲಿ ಅರ್ಧ ಆಂಪಿಯರ್ ಎಳೆಯುತ್ತದೆ. ಸೆಲ್ಫ್ ಮೋಟರ್ ಎಂಜಿನ್ ತಿರುಗಿಸುವಾಗ 200 ಆಂಪಿಯರ್ ಅಥವಾ ಅದಕ್ಕೂ ಹೆಚ್ಚು ಎಳೆಯುತ್ತದೆ. ಈಗ ಒಂದು ಜಾಯಿಂಟಿನಲ್ಲಿ ಕಿಲುಬು ಹಿಡಿದು 0.01 ಓಮ್, ಅಂದರೆ ಒಂದು ಓಮಿನ ನೂರನೇ ಒಂದು ಭಾಗ, ಅಡ್ಡಿ ಹುಟ್ಟಿದೆ ಎಂದುಕೊಳ್ಳಿ. ಬಲ್ಬಿನ ದಾರಿಯಲ್ಲಿ ಈ ಅಡ್ಡಿ ನುಂಗುವುದು 0.005 ವೋಲ್ಟ್. ಕಣ್ಣಿಗೆ ಕಾಣುವುದೇ ಇಲ್ಲ. ಸೆಲ್ಫಿನ ದಾರಿಯಲ್ಲಿ ಅದೇ ಅಡ್ಡಿ ನುಂಗುವುದು 2 ವೋಲ್ಟ್. ಎಂಜಿನ್ ತಿರುಗಿಸುವಾಗ ಬ್ಯಾಟರಿ ಮೊದಲೇ 10–11 ವೋಲ್ಟಿಗೆ ಇಳಿದಿರುತ್ತದೆ, ಅದರಲ್ಲಿ ಇನ್ನೆರಡು ಹೋದರೆ ಮೋಟರಿಗೆ ಶಕ್ತಿ ಸಾಲದು.

ಆ 2 ವೋಲ್ಟ್ ಮಾಯವಾಗುವುದಿಲ್ಲ, ಜಾಯಿಂಟಿನಲ್ಲೇ ಬಿಸಿಯಾಗುತ್ತದೆ. 200 ಆಂಪಿಯರ್ ಗುಣಿಸು 2 ವೋಲ್ಟ್ ಅಂದರೆ 400 ವ್ಯಾಟ್. ಮನೆಯ ಸಣ್ಣ ಇಸ್ತ್ರಿಪೆಟ್ಟಿಗೆಯಷ್ಟು ಬಿಸಿ ಒಂದು ಬೋಲ್ಟಿನ ಅಡಿಯಲ್ಲಿ. ಆದ್ದರಿಂದ ಮೀಟರ್ ಇಲ್ಲದವರೂ ಮಾಡಬಹುದಾದ ಪರೀಕ್ಷೆ ಒಂದಿದೆ. ನಾಲ್ಕೈದು ಸೆಕೆಂಡ್ ಸೆಲ್ಫ್ ಹೊಡೆದು, ಕೀ ಆಫ್ ಮಾಡಿ, ದಪ್ಪ ಕೇಬಲ್ಲಿನ ಪ್ರತಿ ತುದಿಯ ಬಳಿ ಕೈಯ ಹಿಂಬದಿಯನ್ನು ಹುಷಾರಾಗಿ ತನ್ನಿ. ಯಾವ ತುದಿ ಬಿಸಿಯಾಗಿದೆಯೋ ಅಲ್ಲೇ ರೋಗ.

ಮೊದಲು ಸದ್ದು ಕೇಳಿ

ಕೀ ತಿರುಗಿಸಿದಾಗ ಬರುವ ಸದ್ದು ಅರ್ಧ ಉತ್ತರ ಹೇಳುತ್ತದೆ ಎಂದು ಎಲೆಕ್ಟ್ರಿಷಿಯನ್ ತೋರಿಸಿಕೊಟ್ಟರು. ಮೀಟರನ್ನು ಅವರು ಕೈಗೆತ್ತಿಕೊಂಡದ್ದು ಆಮೇಲೆ.

ಏನೂ ಸದ್ದಿಲ್ಲ ಎಂದರೆ ಕೀಯಿಂದ ಸೊಲೆನಾಯ್ಡಿಗೆ ಹೋಗುವ ತೆಳು ವೈರಿನ ದಾರಿ ತುಂಡಾಗಿದೆ. ಕೀ ಸ್ವಿಚ್, ಫ್ಯೂಸ್, ನ್ಯೂಟ್ರಲ್ ಸ್ವಿಚ್, ಮಧ್ಯದ ಯಾವುದೋ ಜಾಯಿಂಟ್, ಇವುಗಳಲ್ಲಿ ಒಂದು ಕೈಕೊಟ್ಟಿರಬಹುದು. 'ಟಕ್' ಎಂದು ಒಂದೇ ಸದ್ದು ಬಂದು ಸುಮ್ಮನಾದರೆ ಸೊಲೆನಾಯ್ಡ್ ಕೆಲಸ ಮಾಡುತ್ತಿದೆ, ಆದರೆ ದಪ್ಪ ಕೇಬಲ್ಲಿನ ಕರೆಂಟ್ ಮೋಟರಿಗೆ ಸಾಲುತ್ತಿಲ್ಲ, ಇಲ್ಲವೆ ಮೋಟರಿನ ಒಳಗೇ ತೊಂದರೆ. 'ಟಕಟಕಟಕ' ಎಂದು ಮಳೆ ಹನಿಯಂತೆ ಬಂದರೆ ಬ್ಯಾಟರಿ ಇಳಿದಿದೆ ಅಥವಾ ಅದರ ಟರ್ಮಿನಲ್ ಸಡಿಲ. ಸೊಲೆನಾಯ್ಡ್ ಎಳೆಯುತ್ತದೆ, ಎಳೆದ ಕೂಡಲೇ ವೋಲ್ಟೇಜ್ ಕುಸಿಯುತ್ತದೆ, ಬಿಡುತ್ತದೆ, ಬಿಟ್ಟ ಕೂಡಲೇ ವೋಲ್ಟೇಜ್ ಏರಿ ಮತ್ತೆ ಎಳೆಯುತ್ತದೆ. ನಮ್ಮ ಟ್ರ್ಯಾಕ್ಟರ್ 'ಟಕ್' ಎಂದು ಒಮ್ಮೆ ಹೇಳಿ, ನರಳುತ್ತ ಅರ್ಧ ಸುತ್ತು ತಿರುಗಿ ನಿಂತಿತು.

ಅಳೆದದ್ದು ಹೇಗೆ

ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ. ಗೇರ್ ನ್ಯೂಟ್ರಲ್‌ನಲ್ಲಿ ಇರಬೇಕು, ಹ್ಯಾಂಡ್ ಬ್ರೇಕ್ ಹಾಕಿರಬೇಕು, ಹಿಂದಿನ ಗಾಲಿಗಳಿಗೆ ಎರಡೂ ಕಡೆ ಕಲ್ಲು ಕೊಟ್ಟಿರಬೇಕು. ಸ್ಟಾಪ್ ನಾಬ್ ಪೂರ್ತಿ ಎಳೆದಿಟ್ಟರೆ ಸೆಲ್ಫ್ ತಿರುಗಿದರೂ ಎಂಜಿನ್ ಹೊತ್ತಿಕೊಳ್ಳುವುದಿಲ್ಲ. ಕೀ ತಿರುಗಿಸುವವರು ಸೀಟಿನ ಮೇಲೆ ಕುಳಿತಿರಬೇಕು. ಮೀಟರ್ ಹಿಡಿದವರು ಗಾಲಿಯ ಮುಂದೆ ನಿಲ್ಲಬಾರದು. ಉಂಗುರ, ಕಡಗ, ವಾಚು ಬಿಚ್ಚಿಡಿ. 12 ವೋಲ್ಟ್ ಶಾಕ್ ಹೊಡೆಯುವುದಿಲ್ಲ ಎಂಬುದು ನಿಜ, ಆದರೆ ಅದೇ ಬ್ಯಾಟರಿ ಉಂಗುರದ ಮೂಲಕ ನೂರಾರು ಆಂಪಿಯರ್ ಹರಿಸಿ ಅದನ್ನು ಕೆಂಡದಂತೆ ಕಾಯಿಸಬಲ್ಲದು.

ಸುಮ್ಮನೆ ನಿಂತಿದ್ದಾಗ ಬ್ಯಾಟರಿ 12.5 ವೋಲ್ಟ್ ತೋರಿಸಿತು. ಪೂರ್ತಿ ಚಾರ್ಜ್ ಆದ 12 ವೋಲ್ಟ್ ಬ್ಯಾಟರಿ 12.6ರಿಂದ 12.7 ತೋರಿಸಬೇಕು. 12.2 ಇದ್ದರೆ ಅರ್ಧ ಖಾಲಿ, 12ಕ್ಕಿಂತ ಕೆಳಗಿದ್ದರೆ ಬಹುತೇಕ ಖಾಲಿ. ಹಾಗಾಗಿ ಇವರ ಬ್ಯಾಟರಿಯಲ್ಲಿ ದೋಷ ಇರಲಿಲ್ಲ. ಎರಡು ಸಲ ಬದಲಿಸಿದ್ದು ದಂಡ.

ಸೆಲ್ಫ್ ಹೊಡೆಯುತ್ತ ಅಳೆದಾಗ ಬ್ಯಾಟರಿಯ ಎರಡು ಕಂಬಗಳ ನಡುವೆ 10.9 ಇತ್ತು. ಸೆಲ್ಫಿನ ದಪ್ಪ ಬೋಲ್ಟು ಮತ್ತು ಸೆಲ್ಫಿನ ಮೈ ನಡುವೆ 8.6. ಅಂದರೆ ದಾರಿಯಲ್ಲಿ 2.3 ವೋಲ್ಟ್ ಕಳವಾಗುತ್ತಿದೆ. ಕಳ್ಳ ಯಾವ ಕಡೆ ಇದ್ದಾನೆ?

ಇಲ್ಲಿ ಬಳಸುವ ಉಪಾಯ ನಮಗೆ ಬಹಳ ಇಷ್ಟವಾಯಿತು. ಮೀಟರಿನ ಒಂದು ಕಡ್ಡಿಯನ್ನು ಬ್ಯಾಟರಿಯ ಪಾಸಿಟಿವ್ ಕಂಬಕ್ಕೂ ಇನ್ನೊಂದನ್ನು ಸೆಲ್ಫಿನ ದಪ್ಪ ಬೋಲ್ಟಿಗೂ ಇಟ್ಟು ಸೆಲ್ಫ್ ಹೊಡೆಯಬೇಕು. ಒಂದೇ ಕೇಬಲ್ಲಿನ ಎರಡು ತುದಿ, ಒಳ್ಳೆಯ ಕೇಬಲ್ ಆಗಿದ್ದರೆ ನಡುವೆ ಹೆಚ್ಚೇನೂ ವ್ಯತ್ಯಾಸ ಇರಬಾರದು. ಅರ್ಧ ವೋಲ್ಟಿನ ಒಳಗಿದ್ದರೆ ನಡೆಯುತ್ತದೆ. ನಮಗೆ ಸಿಕ್ಕಿದ್ದು 0.4. ಆಮೇಲೆ ಒಂದು ಕಡ್ಡಿ ಬ್ಯಾಟರಿಯ ನೆಗೆಟಿವ್ ಕಂಬಕ್ಕೆ, ಇನ್ನೊಂದು ಸೆಲ್ಫಿನ ಮೈಗೆ. ಅಲ್ಲಿ 1.9. ಅರ್ಥಿಂಗ್ ಕೇಬಲ್ ಸಿಕ್ಕಿಬಿತ್ತು.

ಕೇಬಲ್ ಹೊರಗಿನಿಂದ ಹೊಸದರಂತಿತ್ತು. ಬೋಲ್ಟ್ ಬಿಗಿಯಾಗಿತ್ತು. ಮಾಲೀಕರು ನಂಬಲಿಲ್ಲ. ಈ ಊರಿನ ಮರುಳಸಿದ್ಧೇಶ್ವರ ದೇವಸ್ಥಾನದ ಒಳಗಿನ ಕೆತ್ತನೆ ನೋಡಿದವರಿಗೆ ಒಂದು ಮಾತು ಗೊತ್ತು: ಹಂಪಿಯನ್ನು ಹೊರಗೆ ನೋಡು, ಉಜ್ಜಿನಿಯನ್ನು ಒಳಗೆ ನೋಡು. ಎಲೆಕ್ಟ್ರಿಷಿಯನ್ ಅದೇ ಮಾತನ್ನು ಹೇಳುತ್ತ ಬೋಲ್ಟ್ ಬಿಚ್ಚಿದರು. ಕೇಬಲ್ಲಿನ ಥಿಂಬಲ್ ಅಡಿಯಲ್ಲಿ ದಪ್ಪನೆಯ ಬಣ್ಣದ ಪದರ. ಎರಡು ವರ್ಷದ ಹಿಂದೆ ಆಯುಧಪೂಜೆಗೆ ಮುಂಚೆ ಟ್ರ್ಯಾಕ್ಟರಿಗೆ ಪೂರ್ತಿ ಬಣ್ಣ ಹೊಡೆಸಿದ್ದರು, ಅರ್ಥಿಂಗ್ ಬೋಲ್ಟ್ ಕೂರುವ ಜಾಗಕ್ಕೂ ಸೇರಿಸಿ. ಬಣ್ಣದ ಮೂಲಕ ಕರೆಂಟ್ ಹರಿಯುವುದಿಲ್ಲ, ಬೋಲ್ಟಿನ ಎಳೆಗಳ ಮೂಲಕ ಅಷ್ಟೋ ಇಷ್ಟೋ ನುಸುಳುತ್ತಿತ್ತು. ಥಿಂಬಲ್ಲಿನ ಕೊರಳಲ್ಲಿ ಇನ್ಸುಲೇಷನ್ ಸ್ವಲ್ಪ ಸೀಳಿದಾಗ ತಾಮ್ರದ ಎಳೆಗಳು ಹಸಿರು ಪುಡಿಯಾಗಿ ಉದುರಿದವು.

ಸೆಲ್ಫ್ ಕೈಕೊಟ್ಟದ್ದು ಯಾವಾಗಿನಿಂದ ಎಂದು ಕೇಳಿದೆವು. "ಆ ದಸರಾ ಆದ ಮ್ಯಾಲೇ" ಎಂದರು, ಹೇಳುತ್ತ ಹೇಳುತ್ತ ತಾವೇ ನಕ್ಕರು.

ಬಣ್ಣ ಕೆರೆದು, ಉಪ್ಪುಕಾಗದದಿಂದ ಕಬ್ಬಿಣ ಹೊಳೆಯುವಷ್ಟು ಉಜ್ಜಿ, ಹೊಸ ದಪ್ಪ ಅರ್ಥಿಂಗ್ ಕೇಬಲ್ ಹಾಕಿ, ಬಿಗಿ ಮಾಡಿದ ಮೇಲೆ ಮೇಲಿನಿಂದ ವ್ಯಾಸಲೀನ್ ಸವರಲಾಯಿತು. ಮತ್ತೆ ಅಳೆದಾಗ ಅರ್ಥಿಂಗ್ ಕಡೆ 0.2, ಸೆಲ್ಫಿನಲ್ಲಿ 9.9. ಬ್ಯಾಟರಿ ಮಾತ್ರ ಮೊದಲಿಗಿಂತ ಕಡಿಮೆ, 10.5 ತೋರಿಸಿತು. ಇದನ್ನು ನೋಡಿ ನಮಗೆ ಗಾಬರಿಯಾಯಿತು. ಆದರೆ ಅದೇ ಸರಿ: ದಾರಿ ತೆರೆದ ಮೇಲೆ ಮೋಟರ್ ಹೆಚ್ಚು ಕರೆಂಟ್ ಎಳೆಯುತ್ತದೆ, ಬ್ಯಾಟರಿ ಸ್ವಲ್ಪ ಹೆಚ್ಚು ಬಾಗುತ್ತದೆ. 9.6ಕ್ಕಿಂತ ಕೆಳಗೆ ಹೋದರೆ ಆಗ ಬ್ಯಾಟರಿಯ ಬಗ್ಗೆ ಯೋಚಿಸಬೇಕು.

ಸ್ಟಾಪ್ ನಾಬ್ ಒಳಗೆ ತಳ್ಳಿ ಕೀ ತಿರುಗಿಸಿದರು. ಒಂದೇ ಏಟಿಗೆ ಎದ್ದಿತು.

ಸ್ಕ್ರೂಡ್ರೈವರ್ ಇಟ್ಟಾಗ ನಿಜಕ್ಕೂ ಏನಾಗುತ್ತದೆ

ಈಗ ವಿಡಿಯೊಗೆ ಮರಳೋಣ. ಸೆಲ್ಫಿನ ಮೇಲಿರುವ ಸೊಲೆನಾಯ್ಡಿಗೆ ಬ್ಯಾಟರಿಯಿಂದ ಬರುವ ದಪ್ಪ ಕೇಬಲ್ಲಿನ ಬೋಲ್ಟು ಇದೆ, ಕೀಯಿಂದ ಬರುವ ತೆಳು ವೈರಿನ ಟರ್ಮಿನಲ್ ಇದೆ. ಹಲವು ಸೆಲ್ಫ್ ಮತ್ತು ಕೀ ಸ್ವಿಚ್‌ಗಳ ಮೇಲೆ ಇವಕ್ಕೆ 30 ಮತ್ತು 50 ಎಂಬ ಅಂಕಿ ಕೆತ್ತಿರುತ್ತದೆ. ಇದು ಜರ್ಮನ್ ಮೂಲದ ಗುರುತಿನ ಪದ್ಧತಿ. 30 ಅಂದರೆ ನೇರ ಬ್ಯಾಟರಿ, 15 ಅಂದರೆ ಕೀ ಆನ್ ಆದ ಮೇಲೆ ಬರುವ ಕರೆಂಟ್, 50 ಅಂದರೆ ಸೆಲ್ಫಿಗೆ ಹೋಗುವ ಆಜ್ಞೆ, 31 ಅಂದರೆ ಅರ್ಥಿಂಗ್. ವೈರಿನ ಬಣ್ಣ ಅಳಿಸಿಹೋದ ಹಳೆಯ ಗಾಡಿಯಲ್ಲಿ ಈ ನಾಲ್ಕು ಅಂಕಿ ತಿಳಿದಿದ್ದರೆ ಅರ್ಧ ಕೆಲಸ ಮುಗಿದಂತೆ.

ಸ್ಕ್ರೂಡ್ರೈವರ್ 30ನ್ನೂ 50ನ್ನೂ ಸೇರಿಸುತ್ತದೆ. ಕೀ, ಫ್ಯೂಸ್ ಮತ್ತು ನ್ಯೂಟ್ರಲ್ ಸ್ವಿಚ್ ಎಲ್ಲವನ್ನೂ ದಾಟಿ ಆಜ್ಞೆ ನೇರ ಸೊಲೆನಾಯ್ಡಿಗೆ ಹೋಗುತ್ತದೆ. ನ್ಯೂಟ್ರಲ್ ಸ್ವಿಚ್ ಇರುವುದೇ ಗೇರಿನಲ್ಲಿದ್ದಾಗ, ಕೆಲವು ಗಾಡಿಗಳಲ್ಲಿ ಕ್ಲಚ್ ಒತ್ತದಿದ್ದಾಗ, ಸೆಲ್ಫ್ ತಿರುಗದಿರಲಿ ಎಂದು. ಈ ಸ್ವಿಚ್ ಇರುವ ಟ್ರ್ಯಾಕ್ಟರಿನಲ್ಲಿ ಕೀ ತಿರುಗಿಸಿದಾಗ ಸದ್ದೇ ಬಾರದಿರಲು ಅತಿ ಸಾಮಾನ್ಯ ಕಾರಣಗಳಲ್ಲಿ ಒಂದು, ಅದು ಗೇರಿನಲ್ಲಿರುವುದು. ಅಂದರೆ ವಿಡಿಯೊ ನೋಡಿ ಕೆಳಗಿಳಿದು ಸ್ಕ್ರೂಡ್ರೈವರ್ ಹುಡುಕುವ ಮನುಷ್ಯನ ಟ್ರ್ಯಾಕ್ಟರ್ ಆ ಕ್ಷಣ ಗೇರಿನಲ್ಲೇ ಇರುವ ಸಾಧ್ಯತೆ ಬೇರೆ ಸಮಯಕ್ಕಿಂತ ಹೆಚ್ಚು. ಉಪಾಯ ಕೆಲಸ ಮಾಡಿದಂತೆ ಕಾಣುವುದೂ, ಅದೇ ಉಪಾಯ ಕೊಲ್ಲುವುದೂ ಒಂದೇ ಕಾರಣದಿಂದ.

"ಗೇರಿನಲ್ಲಿದ್ದರೆ ಎಂಜಿನ್ ಆಫ್ ಆಗಿಬಿಡುತ್ತದಲ್ಲ, ಗಾಡಿ ಎಲ್ಲಿ ಓಡುತ್ತದೆ?" ಎಂದು ಕೆಲವರು ಕೇಳುತ್ತಾರೆ. ಸೆಲ್ಫ್ ಮೋಟರ್ ಎಳೆಯುವ 200 ಆಂಪಿಯರನ್ನು 10 ವೋಲ್ಟಿನಿಂದ ಗುಣಿಸಿದರೆ 2,000 ವ್ಯಾಟ್, ಅಂದರೆ ಸುಮಾರು ಎರಡೂವರೆ ಎಚ್‌ಪಿ. ಕಡಿಮೆ ಗೇರಿನಲ್ಲಿ ಟ್ರ್ಯಾಕ್ಟರನ್ನು ಮುಂದಕ್ಕೆ ನೂಕಲು ಇಷ್ಟೇ ಸಾಕು, ಎಂಜಿನ್ ಹೊತ್ತಿಕೊಳ್ಳದಿದ್ದರೂ. ಹೊತ್ತಿಕೊಂಡರಂತೂ ನಿಲ್ಲಿಸಲು ಸೀಟಿನಲ್ಲಿ ಯಾರೂ ಇಲ್ಲ. ಮುಂದಿನ ಮತ್ತು ಹಿಂದಿನ ಗಾಲಿಯ ನಡುವಿನ ಜಾಗದಿಂದ ಹೊರಗೆ ಹಾರಲು ಸಿಗುವ ಸಮಯ ಒಂದು ಸೆಕೆಂಡಿಗಿಂತ ಹೆಚ್ಚಿರದು.

ಮೆಕ್ಯಾನಿಕ್‌ಗಳು ಹೀಗೆ ಮಾಡುವುದಿಲ್ಲವೇ? ಮಾಡುತ್ತಾರೆ. ನಮ್ಮ ಜೊತೆ ಬಂದವರೂ ಹಿಂದೆ ಮಾಡಿದ್ದುಂಟು ಎಂದು ಒಪ್ಪಿಕೊಂಡರು. ಈಗ ಅವರು ಬಳಸುವುದು ಬಲ್ಬು. ಒಂದು ವೈರ್ ಟ್ರ್ಯಾಕ್ಟರಿನ ಮೈಗೆ, ಇನ್ನೊಂದು 50ನೇ ಟರ್ಮಿನಲ್ಲಿಗೆ ಕ್ಲಿಪ್ ಹಾಕಿ ದೂರ ನಿಂತು, ಸೀಟಿನಲ್ಲಿ ಕುಳಿತವರಿಗೆ ಕೀ ತಿರುಗಿಸಲು ಹೇಳುತ್ತಾರೆ. ಬಲ್ಬು ಜೋರಾಗಿ ಉರಿದರೆ ಆಜ್ಞೆ ಬರುತ್ತಿದೆ, ತೊಂದರೆ ಸೊಲೆನಾಯ್ಡ್ ಅಥವಾ ದಪ್ಪ ಕೇಬಲ್ಲಿನಲ್ಲಿ. ಉರಿಯದಿದ್ದರೆ ಒಂದೊಂದೇ ಹೆಜ್ಜೆ ಹಿಂದಕ್ಕೆ: ನ್ಯೂಟ್ರಲ್ ಸ್ವಿಚ್ಚಿನ ಈ ಕಡೆ, ಆ ಕಡೆ, ಕೀ ಸ್ವಿಚ್ಚಿನ 50, ಕೀ ಸ್ವಿಚ್ಚಿನ 30. ಎಲ್ಲಿ ಬಲ್ಬು ಉರಿಯತೊಡಗುತ್ತದೆಯೋ ಅದರ ಮುಂದಿನ ತುಂಡಿನಲ್ಲಿ ದೋಷ. ಹತ್ತು ನಿಮಿಷದ ಕೆಲಸ.

ಸ್ವಿಚ್ಚೇ ಕೆಟ್ಟಿದ್ದರೆ ಅದರ ಎರಡು ವೈರುಗಳನ್ನು ಸೇರಿಸಿ ಟೇಪ್ ಸುತ್ತಿಬಿಡುವವರಿದ್ದಾರೆ. ಹೊಸ ಸ್ವಿಚ್ ಹಾಕಿಸಿ. ಹಳೆಯ ಟ್ರ್ಯಾಕ್ಟರ್ ಕೊಳ್ಳುವಾಗಲೂ ಇದನ್ನು ನೋಡಿ: ಕ್ಲಚ್ ಪೂರ್ತಿ ಒತ್ತಿ ಹಿಡಿದು, ಮುಂದೆ ಹಿಂದೆ ಯಾರೂ ಇಲ್ಲದ ಬಯಲಿನಲ್ಲಿ, ಗೇರ್ ಹಾಕಿ ಕೀ ತಿರುಗಿಸಿ. ಸೆಲ್ಫ್ ತಿರುಗಿದರೆ ಗೇರಿನ ಸ್ವಿಚ್ ಇಲ್ಲ, ಅಥವಾ ಯಾರೋ ತೆಗೆದಿದ್ದಾರೆ, ಇಲ್ಲವೆ ಆ ಗಾಡಿಯಲ್ಲಿರುವುದು ಕ್ಲಚ್ಚಿನ ಸ್ವಿಚ್.

ಸಿಗರೇಟ್ ಪ್ಯಾಕಿನ ಬೆಳ್ಳಿ ಕಾಗದ

ಎರಡನೇ ಫಾರ್ವರ್ಡ್ ಫ್ಯೂಸಿನದು. ಫ್ಯೂಸ್ ಪದೇ ಪದೇ ಹೋದರೆ ಬೆಳ್ಳಿ ಕಾಗದ ಸುತ್ತಿ ಹಾಕಿ, ಮತ್ತೆ ಹೋಗುವುದೇ ಇಲ್ಲ ಎನ್ನುತ್ತದೆ. ಹೋಗುವುದಿಲ್ಲ ನಿಜ. ಫ್ಯೂಸ್ ಇಡೀ ದಾರಿಯಲ್ಲಿ ಬೇಕೆಂದೇ ಇಟ್ಟ ದುರ್ಬಲ ತುಂಡು. ಎಲ್ಲೋ ವೈರ್ ಸುಲಿದು ಟ್ರ್ಯಾಕ್ಟರಿನ ಮೈಗೆ ತಗುಲಿದಾಗ ಮೊದಲು ಅದು ಕರಗಿ ಉಳಿದದ್ದನ್ನು ಕಾಪಾಡುತ್ತದೆ. ಅದರ ಜಾಗದಲ್ಲಿ ಕಾಗದ ಸುತ್ತಿದರೆ ಆಮೇಲಿನ ದುರ್ಬಲ ತುಂಡು ವೈರೇ. ಡೀಸೆಲ್ ಟ್ಯಾಂಕಿನ ಅಡಿ ಹಾಯ್ದು ಹೋಗುವ ವೈರ್. ಮೆಕ್ಕೆಜೋಳದ ಸೊಪ್ಪೆ ಹೇರಿಕೊಂಡು ಬರುವ ಕಾಲದಲ್ಲಿ, ಬಣವೆಯ ಪಕ್ಕ ಗಾಡಿ ನಿಲ್ಲಿಸುವ ಊರುಗಳಲ್ಲಿ, ಇದರ ಬೆಲೆ ಏನೆಂದು ವಿವರಿಸಬೇಕಿಲ್ಲ.

ಪದೇ ಪದೇ ಫ್ಯೂಸ್ ಹೋಗಲು ಇನ್ನೊಂದು ಕಾರಣ ಆಮೇಲೆ ಸೇರಿಸಿದ ಲೈಟುಗಳು. 55 ವ್ಯಾಟಿನ ಎರಡು ಹೆಡ್‌ಲೈಟ್ ಸೇರಿ 9 ಆಂಪಿಯರ್ ಎಳೆಯುತ್ತವೆ. ಅದೇ ವೈರಿಗೆ ರಾತ್ರಿ ಉಳುಮೆಗೆಂದು ಹಿಂದೆ ಎರಡು, ಮೇಲೆ ಎರಡು ಲೈಟು, ಒಂದು ಟೇಪ್ ರೆಕಾರ್ಡರ್ ಸೇರಿಸಿದರೆ ಫ್ಯೂಸಿನ ತಪ್ಪೇನಿದೆ? ಹೊಸ ಲೈಟಿಗೆ ಬ್ಯಾಟರಿಯಿಂದಲೇ ಬೇರೆ ವೈರ್, ಬೇರೆ ಫ್ಯೂಸ್, ಒಂದು ರಿಲೇ ಹಾಕಿಸುವುದು ಸರಿಯಾದ ದಾರಿ.

ವೈರ್ ಬದಲಿಸುವಾಗ ಮನೆಗೆ ತಂದ ವೈರಿನಲ್ಲಿ ಉಳಿದ ತುಂಡು ಬಳಸಬೇಡಿ. ಕೆಲವೇ ದಪ್ಪ ಎಳೆಗಳ ವೈರ್ ಟ್ರ್ಯಾಕ್ಟರಿನ ನಡುಕಕ್ಕೆ ಬಾಗಿ ಬಾಗಿ ಒಳಗೇ ತುಂಡಾಗುತ್ತದೆ. ವಾಹನದ ವೈರಿನಲ್ಲಿ ಸಣ್ಣ ಎಳೆಗಳು ಹೆಚ್ಚು, ಎಣ್ಣೆ ಮತ್ತು ಬಿಸಿ ತಡೆಯುವ ಹೊದಿಕೆ ಇರುತ್ತದೆ. ಎರಡು ವೈರ್ ಹೊಸೆದು ಟೇಪ್ ಸುತ್ತಿದ ಜಾಯಿಂಟ್ ನಮ್ಮ ಕಡೆಯ ಬೇಸಿಗೆಗೆ ನಿಲ್ಲುವುದಿಲ್ಲ, ಅಂಟು ಕರಗಿ ಟೇಪ್ ಜಾರುತ್ತದೆ. ಥಿಂಬಲ್ ಹಾಕಿ ಒತ್ತಿ, ಮೇಲೆ ಬಿಸಿಗೆ ಕುಗ್ಗುವ ಕೊಳವೆ ಹಾಕಿಸಿ. ಅಂದ ಹಾಗೆ, ಎಲ್ಲ ಮಾಡೆಲ್‌ಗೂ ಕಂಪನಿಯ ವೈರಿಂಗ್ ಸೆಟ್ ಸಿಗುವ ಕಾಲ ಈಗಿಲ್ಲ. ಬೆಂಗಳೂರು ಕೇಂದ್ರವಾಗಿದ್ದ ಎಚ್‌ಎಂಟಿ 1971ರಲ್ಲಿ ಜೆಟರ್ ತಂತ್ರಜ್ಞಾನದೊಂದಿಗೆ ಶುರುಮಾಡಿದ ಟ್ರ್ಯಾಕ್ಟರ್ ವಿಭಾಗವನ್ನು ಮುಚ್ಚಲು 2016ರಲ್ಲಿ ಕೇಂದ್ರ ಸರ್ಕಾರ ಒಪ್ಪಿತು. ಆ ಟ್ರ್ಯಾಕ್ಟರುಗಳು ಇನ್ನೂ ಹೊಲದಲ್ಲಿವೆ. ಇಂಥ ಗಾಡಿಗೆ ಮಾರುಕಟ್ಟೆಯ ಸೆಟ್ ಹಾಕಿಸುವ ಮೊದಲು ಹಳೆಯ ವೈರಿಂಗಿನ ಫೋಟೊ ತೆಗೆದು, ಪ್ರತಿ ತುದಿಗೂ ಚೀಟಿ ಅಂಟಿಸಿಡಿ. ಮೊಬೈಲ್ ಇದಕ್ಕೆ ನಿಜವಾಗಿ ಉಪಯೋಗಕ್ಕೆ ಬರುತ್ತದೆ.

ಎಂಜಿನ್ ಓಡುವಾಗ ಟರ್ಮಿನಲ್ ಕಿತ್ತು ನೋಡುವುದು

"ಬ್ಯಾಟರಿ ಚಾರ್ಜ್ ಆಗುತ್ತಿದೆಯೇ ತಿಳಿಯಲು, ಎಂಜಿನ್ ಓಡುವಾಗ ಟರ್ಮಿನಲ್ ಕಿತ್ತುಬಿಡಿ." ಇದು ಅಪ್ಪಂದಿರ ಕಾಲದ ಬುದ್ಧಿ, ಆ ಕಾಲದಲ್ಲಿ ಅಷ್ಟು ತಪ್ಪೂ ಆಗಿರಲಿಲ್ಲ. ಹಳೆಯ ಟ್ರ್ಯಾಕ್ಟರುಗಳಲ್ಲಿ ಇದ್ದದ್ದು ಡೈನಮೊ ಮತ್ತು ಕಟೌಟ್ ಡಬ್ಬಿ. ಆಮೇಲೆ ಬಂದದ್ದು ಆಲ್ಟರ್ನೇಟರ್, ಅದರೊಳಗೆ ಡಯೋಡುಗಳಿವೆ. ಹಳ್ಳಿಯಲ್ಲಿ ಎರಡಕ್ಕೂ ಡೈನಮೊ ಎಂದೇ ಹೆಸರು ಉಳಿದಿರುವುದರಿಂದ ಹಳೆಯ ಉಪಾಯವೂ ಉಳಿದಿದೆ. ಆಲ್ಟರ್ನೇಟರ್ ಓಡುವಾಗ ಬ್ಯಾಟರಿಯನ್ನು ಥಟ್ಟನೆ ಬಿಡಿಸಿದರೆ ವೋಲ್ಟೇಜ್ ಚಿಮ್ಮಿ ಡಯೋಡ್ ಮತ್ತು ರೆಗ್ಯುಲೇಟರ್ ಸುಡಬಹುದು. ಜೊತೆಗೆ ಚಾರ್ಜ್ ಆಗುವ ಬ್ಯಾಟರಿಯಿಂದ ಹೈಡ್ರೋಜನ್ ಬರುತ್ತಿರುತ್ತದೆ, ಅಲ್ಲಿ ಕಿಡಿ ಹಾರಿದರೆ ಬ್ಯಾಟರಿ ಸಿಡಿದು ಆ್ಯಸಿಡ್ ಮುಖಕ್ಕೆ ಎರಚುತ್ತದೆ. ಮೀಟರನ್ನು ಬ್ಯಾಟರಿಗೆ ಇಟ್ಟು ಎಂಜಿನ್ ರೇಸ್ ಮಾಡಿ. 13.8ರಿಂದ 14.4ರ ಆಸುಪಾಸು ಬಂದರೆ ಚಾರ್ಜ್ ಆಗುತ್ತಿದೆ. ಏರದಿದ್ದರೆ ಮೊದಲು ಬೆಲ್ಟ್ ನೋಡಿ, ಆಮೇಲೆ ಡ್ಯಾಶ್‌ಬೋರ್ಡಿನ ಕೆಂಪು ಚಾರ್ಜಿಂಗ್ ಬಲ್ಬು. ಎಷ್ಟೋ ಆಲ್ಟರ್ನೇಟರುಗಳು ಆ ಸಣ್ಣ ಬಲ್ಬಿನ ಮೂಲಕ ಬರುವ ಕರೆಂಟಿನಿಂದಲೇ ಕೆಲಸ ಶುರುಮಾಡುತ್ತವೆ. ಬಲ್ಬು ಸುಟ್ಟರೆ ಆಲ್ಟರ್ನೇಟರ್ ಚೆನ್ನಾಗಿದ್ದೂ ಚಾರ್ಜ್ ಆಗದಿರಬಹುದು.

ಟರ್ಮಿನಲ್ ಬಿಚ್ಚುವಾಗ ಮೈಗೆ ಹೋಗುವ ಅರ್ಥಿಂಗ್ ಕೇಬಲ್ ಮೊದಲು, ಹಾಕುವಾಗ ಅದು ಕೊನೆಗೆ. ಇನ್ನೊಂದು ಕಂಬದಿಂದ ಶುರುಮಾಡಿದರೆ ಪಾನಾ ಜಾರಿ ಟ್ರ್ಯಾಕ್ಟರಿನ ಮೈಗೆ ತಾಗಿದಾಗ ನೇರ ಶಾರ್ಟ್. ಕೆಲವು ಬಹಳ ಹಳೆಯ ಬ್ರಿಟಿಷ್ ಟ್ರ್ಯಾಕ್ಟರುಗಳಲ್ಲಿ ಪಾಸಿಟಿವ್ ಮೈಗೆ ಹೋಗಿರುತ್ತದೆ, ಆದ್ದರಿಂದ ಬಣ್ಣ ನಂಬದೆ ಕೇಬಲ್ ಎಲ್ಲಿಗೆ ಹೋಗಿದೆ ಎಂದು ಕಣ್ಣಿನಿಂದ ನೋಡಿ.

ಬ್ಯಾಟರಿಯ ನೀರು ಇಳಿದರೆ ಆ್ಯಸಿಡ್ ಹಾಕಬೇಡಿ. ಆವಿಯಾಗಿ ಹೋಗುವುದು ನೀರು ಮಾತ್ರ, ಆ್ಯಸಿಡ್ ಒಳಗೇ ಇರುತ್ತದೆ. ಬೋರ್‌ವೆಲ್ ನೀರೂ ಬೇಡ, ಅದರ ಲವಣ ಪ್ಲೇಟುಗಳನ್ನು ಹಾಳುಮಾಡುತ್ತದೆ. ಡಿಸ್ಟಿಲ್ಡ್ ವಾಟರ್ ಮಾತ್ರ. ನೆಲದ ಮೇಲಿಟ್ಟರೆ ಬ್ಯಾಟರಿ ಇಳಿಯುತ್ತದೆ ಎಂಬುದು ಹಳೆಯ ರಬ್ಬರ್, ಮರದ ಪೆಟ್ಟಿಗೆಗಳ ಕಾಲದ ಮಾತು, ಈಗಿನ ಪ್ಲಾಸ್ಟಿಕ್ ಬ್ಯಾಟರಿಗೆ ಅನ್ವಯಿಸದು. ಎಲ್ಲಿಟ್ಟರೂ ತಿಂಗಳುಗಟ್ಟಲೆ ಬಿಟ್ಟರೆ ಇಳಿಯುತ್ತದೆ, ಅಷ್ಟೇ. ತೋಟದ ಪವರ್ ಟಿಲ್ಲರುಗಳಲ್ಲಿ ಅನೇಕಕ್ಕೆ ಬ್ಯಾಟರಿಯೇ ಇಲ್ಲ, ಹ್ಯಾಂಡಲ್ ತಿರುಗಿಸಿ ಸ್ಟಾರ್ಟ್ ಮಾಡುತ್ತಾರೆ. ಅವರಿಗೆ ಈ ಪ್ಯಾರಾದ ತಲೆನೋವಿಲ್ಲ. ಮಿನಿ ಟ್ರ್ಯಾಕ್ಟರುಗಳಿಗೆ ಮಾತ್ರ ಮೇಲೆ ಹೇಳಿದ್ದೆಲ್ಲ ಹಾಗೇ ಅನ್ವಯಿಸುತ್ತದೆ.

ಟ್ರೇಲರಿನ ಹಿಂದಿನ ಕೆಂಪು ಲೈಟು

ಸೆಲ್ಫ್ ಸರಿಯಾದ ಮೇಲೆ ನಾವು ಹೊರಡಲು ಎದ್ದೆವು. ಎಲೆಕ್ಟ್ರಿಷಿಯನ್ ಏಳಲಿಲ್ಲ. "ಇದು ಕೈಕೊಟ್ರೆ ಹೊಲದ ಕೆಲಸ ನಿಲ್ತೈತಿ. ಅದು ಕೈಕೊಟ್ರೆ ಬೇರೆಯವರ ಮನಿ ದೀಪ ಆರತೈತಿ" ಎಂದು ಟ್ರೇಲರಿನ ಕಡೆ ಕೈ ತೋರಿಸಿದರು. ಮೆಕ್ಕೆಜೋಳದ ಸುಗ್ಗಿಯಲ್ಲಿ ಕೊಟ್ಟೂರು, ಹರಪನಹಳ್ಳಿ ಕಡೆಯ ರಸ್ತೆಗಳಲ್ಲಿ ರಾತ್ರಿ ಬೈಕ್ ಓಡಿಸಿದವರಿಗೆ ಈ ಮಾತಿನ ಅರ್ಥ ಗೊತ್ತು. ಕತ್ತಲಲ್ಲಿ ಲೈಟಿಲ್ಲದ ಟ್ರೇಲರ್ ಹತ್ತು ಮಾರು ದೂರ ಬರುವವರೆಗೂ ಕಾಣುವುದಿಲ್ಲ.

ಇವರ ಟ್ರೇಲರಿನಲ್ಲಿ ಲೈಟುಗಳು ಇದ್ದವು. ಇಂಡಿಕೇಟರ್ ಹಾಕಿದರೆ ಹಿಂದಿನ ಕೆಂಪು ಲೈಟ್ ಮಂಕಾಗಿ ಮಿಣುಕುತ್ತಿತ್ತು, ಬ್ರೇಕ್ ಒತ್ತಿದರೆ ಎಲ್ಲವೂ ಆರುತ್ತಿತ್ತು. ಇಂಥ ವಿಚಿತ್ರ ಆಟ ಕಂಡರೆ ಕಣ್ಣು ಮುಚ್ಚಿ ಅರ್ಥಿಂಗ್ ಮೇಲೆ ಅನುಮಾನ ಪಡಿ. ಟ್ರೇಲರಿಗೆ ಅರ್ಥಿಂಗ್ ವೈರೇ ಎಳೆದಿರಲಿಲ್ಲ. ಕರೆಂಟ್ ವಾಪಸಾಗಬೇಕಾದದ್ದು ಕೊಂಡಿಯ ಪಿನ್ನಿನ ಮೂಲಕ, ಅದರ ಮೇಲೆ ಒಂದು ಬೆರಳು ದಪ್ಪ ಗ್ರೀಸು. ದಾರಿ ಸಿಗದ ಕರೆಂಟ್ ಒಂದು ಬಲ್ಬಿನಿಂದ ಇನ್ನೊಂದಕ್ಕೆ ನುಸುಳಿ ಹೀಗೆ ಆಟವಾಡುತ್ತಿತ್ತು. ಏಳು ಪಿನ್ನಿನ ಸಾಕೆಟ್ಟಿನಲ್ಲಿ 31 ಎಂದು ಗುರುತಿರುವ ಪಿನ್ನಿನಿಂದ ಒಂದು ವೈರ್ ಎಳೆದು ಟ್ರೇಲರಿನ ಚಾಸಿಗೆ, ಬಣ್ಣ ಕೆರೆದ ಜಾಗದಲ್ಲಿ, ಬೋಲ್ಟ್ ಹಾಕಿದರು. ಅಲ್ಲಿಂದ ಎರಡೂ ಹಿಂದಿನ ಲೈಟುಗಳ ಹೋಲ್ಡರಿಗೆ ಒಂದೊಂದು ವೈರ್. 1989ರ ಕೇಂದ್ರ ಮೋಟಾರು ವಾಹನ ನಿಯಮಗಳು ಹಿಂಬದಿಗೆ ಕೆಂಪು ರಿಫ್ಲೆಕ್ಟರನ್ನೂ ಕೇಳುತ್ತವೆ. ಅದಕ್ಕೆ ವೈರೂ ಬೇಡ, ಬ್ಯಾಟರಿಯೂ ಬೇಡ. ಮನೆಯ ಹುಡುಗ ಆಗಲೇ ಅಂಗಡಿಗೆ ಓಡಿ ರಿಫ್ಲೆಕ್ಟರ್ ಪಟ್ಟಿ ತಂದ.

ಕತ್ತಲಾದ ಮೇಲೆ ಒಮ್ಮೆ ಎಲ್ಲ ಲೈಟು ಹಾಕಿ, ಒಬ್ಬರು ಬ್ರೇಕ್ ಒತ್ತಿ, ಇನ್ನೊಬ್ಬರು ಐವತ್ತು ಹೆಜ್ಜೆ ಹಿಂದೆ ನಿಂತು ನೋಡಿದರು. ಬಲಗಡೆಯದು ಇನ್ನೂ ಸ್ವಲ್ಪ ಮಂಕು. ಹೋಲ್ಡರ್ ಒಳಗೆ ಕಿಲುಬು. ಅದನ್ನು ನಾಳೆ ಬಿಚ್ಚುತ್ತೇನೆ ಎಂದರು ಮಾಲೀಕರು, ಟ್ರ್ಯಾಕ್ಟರನ್ನು ದಿಬ್ಬಕ್ಕೆ ಹತ್ತಿಸದೆ ಅಂಗಳದಲ್ಲೇ ನಿಲ್ಲಿಸುತ್ತ.